ಎರಡು ನೆಟ್‌ವರ್ಕ್‌ಗಳಲ್ಲಿ ಕಾಲಿಟ್ಟ ಕಂಟೇನರ್

ಕಂಟೇನರ್ ಎಂದರೆ ತನಗೆ ಬೇಕಾದ ಸಾಮಗ್ರಿಯನ್ನೆಲ್ಲ ಕಟ್ಟಿಕೊಂಡು ಉಳಿದವುಗಳಿಂದ ಪ್ರತ್ಯೇಕವಾಗಿ ಓಡುವ ಪ್ರೋಗ್ರಾಂ; ಡಾಕರ್ ಅಂಥವನ್ನು ನಡೆಸುವ ತಂತ್ರಾಂಶ. ಒಂದು ಕಂಟೇನರನ್ನು ಎರಡನೆಯ ನೆಟ್‌ವರ್ಕ್‌ಗೆ ಸೇರಿಸುವುದು ಒಂದೇ ಸಾಲಿನ ಕೆಲಸ. ‘ಡಾಕರ್ ನೆಟ್‌ವರ್ಕ್ ಕನೆಕ್ಟ್’ ಎಂದು ಬರೆದು, ಅದರ ಮುಂದೆ ನೆಟ್‌ವರ್ಕಿನ ಹೆಸರನ್ನೂ ಕಂಟೇನರಿನ ಹೆಸರನ್ನೂ ಕೊಟ್ಟರೆ ಮುಗಿಯಿತು. ಓಡುತ್ತಿರುವ ಕಂಟೇನರನ್ನು ನಿಲ್ಲಿಸಬೇಕಾಗಿಯೂ ಇಲ್ಲ. ಇಷ್ಟು ಸಲೀಸಾಗಿರುವುದರಿಂದಲೇ, ಒಂದು ಸೇವೆಗೆ ಇನ್ನೊಂದು ಕಾಣದಿದ್ದಾಗಲೆಲ್ಲ ‘ಆ ನೆಟ್‌ವರ್ಕಿಗೂ ಸೇರಿಸಿಬಿಡೋಣ’ ಎಂಬ ಮಾತು ತಂಡಗಳಲ್ಲಿ ತಟ್ಟನೆ ಬರುತ್ತದೆ. ಇದು ಅಷ್ಟು ಹಗುರವಾದ ತೀರ್ಮಾನವಲ್ಲ ಎಂಬುದು ನನ್ನ ಅಭಿಪ್ರಾಯ. ಎರಡನೆಯ ನೆಟ್‌ವರ್ಕ್ ಸಿಕ್ಕ ಕ್ಷಣದಿಂದ ಆ ಕಂಟೇನರ್ ಒಂದು ಗಡಿಯ ಠಾಣೆಯಾಗುತ್ತದೆ. ಹೊರಗೆ ಹೋಗುವ ದಾರಿ ಯಾವುದು, ಒಂದು ಹೆಸರಿಗೆ ಯಾವ ವಿಳಾಸ, ಯಾರ ಕರೆಗೆ ಓಗೊಡಬೇಕು ಎಂಬ ಪ್ರಶ್ನೆಗಳಿಗೆ ಅಲ್ಲಿಯವರೆಗೆ ಒಂದೊಂದೇ ಉತ್ತರವಿದ್ದದ್ದು ಈಗ ಎರಡೆರಡಾಗುತ್ತವೆ.

ನಾನಿದನ್ನು ಬರೆಯುತ್ತಿರುವುದು ಕಲಬುರಗಿಯಿಂದ. ಇಲ್ಲಿನ ಕಪನೂರ ಕೈಗಾರಿಕಾ ಪ್ರದೇಶದ ದಾಲ್ ಮಿಲ್ಲುಗಳಿಗೆ ತಂತ್ರಾಂಶ ಬರೆದುಕೊಡುವುದು ನನ್ನ ವೃತ್ತಿ. ಲಾರಿ ಒಳಗೆ ಬಂದು ಧರ್ಮಕಾಟಾದ ಮೇಲೆ ನಿಂತಾಗ ಅದರ ತೂಕವನ್ನು ಓದಿಕೊಳ್ಳುವುದು, ಗಂಜ್‌ನಲ್ಲಿ ಖರೀದಿಸಿದ ತೊಗರಿಯ ಲಾಟುಗಳಿಗೆ ಅದನ್ನು ಹೊಂದಿಸುವುದು, ಗೇಟ್ ಪಾಸು ಕೊಡುವುದು, ಲೆಕ್ಕ ಬರೆಯುವುದು, ಇವಿಷ್ಟೇ ಅದರ ಕೆಲಸ. ಮಿಲ್ಲಿನ ಕಚೇರಿಯ ಮೂಲೆಯಲ್ಲಿರುವ ಒಂದೇ ಯಂತ್ರದಲ್ಲಿ ಎಲ್ಲವೂ ಓಡುತ್ತದೆ: ಬ್ರೌಸರಿನಿಂದ ಬರುವ ಕೋರಿಕೆಗಳನ್ನು ಸ್ವೀಕರಿಸಲು ಎಂಜಿನ್‌ಎಕ್ಸ್, ನಡುವೆ ನಮ್ಮ ಆ್ಯಪ್, ಹಿಂದೆ ಪೋಸ್ಟ್‌ಗ್ರೆಸ್ ಡೇಟಾಬೇಸ್, ಪಕ್ಕದಲ್ಲಿ ಕಾಟಾದ ತೂಕ ಓದುವ ಒಂದು ಪುಟ್ಟ ಪ್ರೋಗ್ರಾಂ, ರಾತ್ರಿ ಹೊರಗಿನ ಸಂಗ್ರಹಕ್ಕೆ ಪ್ರತಿ ಕಳಿಸುವ ಬ್ಯಾಕಪ್. ಇಷ್ಟು ಚಿಕ್ಕ ಸಂಸಾರದಲ್ಲೂ ಯಾರು ಯಾರಿಗೆ ಕಾಣಬೇಕು ಎಂಬುದನ್ನು ಕುಳಿತು ಯೋಚಿಸಬೇಕಾಗುತ್ತದೆ.

ಕೆಳಗೆ ಏನು ನಡೆಯುತ್ತದೆ ಎಂಬುದನ್ನು ಮೊದಲು ನೋಡುವುದು ಒಳ್ಳೆಯದು. ಲಿನಕ್ಸ್ ಕರ್ನಲ್‌ನಲ್ಲಿ ನೆಟ್‌ವರ್ಕ್ ನೇಮ್‌ಸ್ಪೇಸ್ ಎಂಬ ಸೌಲಭ್ಯ 2008ರಲ್ಲಿ ಬಂದ 2.6.24 ಆವೃತ್ತಿಯಲ್ಲಿ ಕಾಣಿಸಿಕೊಂಡು, 2.6.29ರ ಹೊತ್ತಿಗೆ ಬಹುಮಟ್ಟಿಗೆ ಪೂರ್ಣವಾಯಿತು. ಪ್ರತಿ ಕಂಟೇನರಿಗೂ ತನ್ನದೇ ನೇಮ್‌ಸ್ಪೇಸ್ ಇರುತ್ತದೆ. ಅದರೊಳಗೆ ತನ್ನದೇ ಇಂಟರ್‌ಫೇಸುಗಳು (ನೆಟ್‌ವರ್ಕಿಗೆ ತೆರೆಯುವ ಬಾಗಿಲುಗಳು), ತನ್ನದೇ ರೂಟಿಂಗ್ ಪಟ್ಟಿ (ಯಾವ ವಿಳಾಸಕ್ಕೆ ಯಾವ ದಾರಿ ಎಂಬ ಪಟ್ಟಿ), ತನ್ನದೇ ಪೋರ್ಟುಗಳು. ಕಂಟೇನರುಗಳನ್ನು ಓಡಿಸುವ ಯಂತ್ರವೇ ಹೋಸ್ಟ್; ಅದರೊಳಗೆ ತಂತ್ರಾಂಶದಲ್ಲೇ ಕಟ್ಟಿದ ಸ್ವಿಚ್ಚೇ ಬ್ರಿಡ್ಜ್. ಒಂದು ಬ್ರಿಡ್ಜ್ ನೆಟ್‌ವರ್ಕ್‌ಗೆ ಸೇರಿಸಿದಾಗ ಡಾಕರ್ ಒಂದು ವೀಥ್ ಜೋಡಿಯನ್ನು (ಎರಡು ತುದಿಗಳ ಕಾಲ್ಪನಿಕ ಕೇಬಲನ್ನು) ಸೃಷ್ಟಿಸಿ, ಅದರ ಒಂದು ತುದಿಯನ್ನು ಕಂಟೇನರಿನೊಳಗೆ ಈಥ್0 ಎಂಬ ಹೆಸರಿನಲ್ಲಿ ಇಟ್ಟು, ಇನ್ನೊಂದು ತುದಿಯನ್ನು ಹೋಸ್ಟ್‌ನ ಬ್ರಿಡ್ಜ್‌ಗೆ ಕಟ್ಟುತ್ತದೆ. ಎರಡನೆಯ ನೆಟ್‌ವರ್ಕ್ ಎಂದರೆ ಇನ್ನೊಂದು ವೀಥ್ ಜೋಡಿ, ಒಳಗೆ ಈಥ್1, ಹೊರಗೆ ಬೇರೊಂದು ಬ್ರಿಡ್ಜ್. ನಾವು ಸೃಷ್ಟಿಸಿದ ಬ್ರಿಡ್ಜ್‌ಗಳ ಹೆಸರು ಹೋಸ್ಟ್‌ನಲ್ಲಿ ‘ಬಿಆರ್-’ ಎಂದು ಆರಂಭವಾಗಿ, ಮುಂದೆ ನೆಟ್‌ವರ್ಕಿನ ಗುರುತುಸಂಖ್ಯೆಯ ಮೊದಲ 12 ಅಕ್ಷರಗಳನ್ನು ಹೊಂದಿರುತ್ತದೆ. ಲಿನಕ್ಸ್‌ನಲ್ಲಿ ಇಂಟರ್‌ಫೇಸಿನ ಹೆಸರು 15 ಅಕ್ಷರ ಮೀರುವಂತಿಲ್ಲವಾದ್ದರಿಂದ ಲೆಕ್ಕ ಸರಿಯಾಗಿ ಅಲ್ಲಿಗೆ ಮುಗಿಯುತ್ತದೆ. ಎರಡು ಬ್ರಿಡ್ಜ್‌ಗಳ ನಡುವೆ ನೇರ ಸಂಚಾರ ಆಗದಂತೆ ಡಾಕರ್ ಹೋಸ್ಟ್‌ನ ಫೈರ್‌ವಾಲ್‌ನಲ್ಲಿ ನಿಯಮಗಳನ್ನು ಬರೆದಿರುತ್ತದೆ. ಒಂದು ಬ್ರಿಡ್ಜ್‌ನಿಂದ ಹೊರಟು ಇನ್ನೊಂದು ಬ್ರಿಡ್ಜ್‌ನೊಳಗೆ ನುಗ್ಗಲೆತ್ನಿಸುವ ಪ್ಯಾಕೆಟ್ ಅಲ್ಲೇ ಬೀಳುತ್ತದೆ.

ಹಾಗಿದ್ದರೆ ಎರಡೂ ಕಡೆ ಸೇರಿದ ಕಂಟೇನರ್ ಆ ಎರಡು ನೆಟ್‌ವರ್ಕ್‌ಗಳನ್ನು ಒಂದುಗೂಡಿಸುತ್ತದೆಯೇ? ಬಹಳ ಜನ ಹಾಗೆಂದೇ ಭಾವಿಸುತ್ತಾರೆ. ನೆಹರು ಗಂಜ್‌ನ ಅಡತಿ ಅಂಗಡಿಯನ್ನು ಕಂಡವರಿಗೆ ಇದನ್ನು ವಿವರಿಸುವುದು ಸುಲಭ. ಆಳಂದದ ಕಡೆಯಿಂದ ಬಂದ ರೈತ ಅಡತಿಯವನನ್ನು ಬಲ್ಲ, ಮಿಲ್ಲಿನ ಖರೀದಿದಾರನೂ ಅವನನ್ನು ಬಲ್ಲ. ಮಾಲು, ದರ, ಹಣ ಎಲ್ಲವೂ ಅವನ ಗದ್ದಿಗೆಯ ಮೂಲಕವೇ ಸಾಗುತ್ತವೆ. ಆದರೆ ರೈತನಿಗೆ ಮಿಲ್ಲಿನ ತಿಜೋರಿಗಾಗಲಿ, ಮಿಲ್ಲಿನವನಿಗೆ ರೈತನ ಮನೆಗಾಗಲಿ ಅದರಿಂದ ದಾರಿ ತೆರೆಯುವುದಿಲ್ಲ. ನಮ್ಮ ಆ್ಯಪ್ ಕಂಟೇನರೂ ಹಾಗೆಯೇ. ಎಂಜಿನ್‌ಎಕ್ಸ್‌ನಿಂದ ಬಂದ ಕೋರಿಕೆಯನ್ನು ಅದು ಓದಿ, ಅರ್ಥಮಾಡಿಕೊಂಡು, ತನ್ನ ಹೆಸರಿನಲ್ಲಿ ಪೋಸ್ಟ್‌ಗ್ರೆಸ್‌ಗೆ ಬೇರೊಂದು ಪ್ರಶ್ನೆಯನ್ನು ಕೇಳುತ್ತದೆ. ಎಂಜಿನ್‌ಎಕ್ಸ್‌ನ ರೂಟಿಂಗ್ ಪಟ್ಟಿಯಲ್ಲಿ ಪೋಸ್ಟ್‌ಗ್ರೆಸ್‌ನ ಸಬ್‌ನೆಟ್‌ಗೆ (ಆ ನೆಟ್‌ವರ್ಕಿನ ವಿಳಾಸಗಳ ಗುಂಪಿಗೆ) ಆ್ಯಪ್‌ನ ಮೂಲಕ ಹೋಗುವ ದಾರಿಯೇ ಇರುವುದಿಲ್ಲ. ಸಾಗುವುದು ಮಾತು, ಪ್ಯಾಕೆಟ್ ಅಲ್ಲ. ಅಡತಿಯವನೇ ಕೈಕೊಟ್ಟರೆ ಏನಾಗುತ್ತದೆ ಎಂಬ ಪ್ರಶ್ನೆ ಬೇರೆ; ಆ್ಯಪ್‌ನೊಳಗೆ ಆಗಂತುಕನೊಬ್ಬ ಸೇರಿಕೊಂಡನೆಂದರೆ ಅವನಿಗೆ ಎರಡೂ ಕಡೆಯ ಬಾಗಿಲು ಸಿಕ್ಕಂತೆಯೇ. ಎರಡು ನೆಟ್‌ವರ್ಕ್‌ಗಳಲ್ಲಿ ನಿಲ್ಲುವ ಕಂಟೇನರುಗಳ ಸಂಖ್ಯೆ ಕಡಿಮೆ ಇರಬೇಕು, ಮತ್ತು ಪ್ರತಿಯೊಂದಕ್ಕೂ ಹೇಳಿಕೊಳ್ಳಬಹುದಾದ ಕಾರಣ ಇರಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕಾಗಿ.

ಇತಿಹಾಸದ ಮಟ್ಟಿಗೆ ಹೇಳುವುದಾದರೆ, ನಮ್ಮದೇ ನೆಟ್‌ವರ್ಕ್‌ಗಳನ್ನು ಸೃಷ್ಟಿಸಿ ಕಂಟೇನರುಗಳನ್ನು ಸೇರಿಸುವ, ಕಳಚುವ ಸೌಲಭ್ಯ 2015ರ ನವೆಂಬರಿನಲ್ಲಿ ಬಂದ ಡಾಕರ್ 1.9ರಿಂದ ಇದೆ. ಆದರೆ ಕಂಟೇನರನ್ನು ಓಡಿಸುವ ಆದೇಶದಲ್ಲೇ ಎರಡು ಮೂರು ನೆಟ್‌ವರ್ಕ್‌ಗಳನ್ನು ಹೆಸರಿಸುವ ಅನುಕೂಲ 2024ರ ಜನವರಿಯ 25.0 ಆವೃತ್ತಿಯವರೆಗೂ ಇರಲಿಲ್ಲ. ಅದಕ್ಕೂ ಮೊದಲು ಕಂಟೇನರನ್ನು ಸೃಷ್ಟಿಸಿ, ಎರಡನೆಯದಕ್ಕೆ ಜೋಡಿಸಿ, ಆಮೇಲೆ ಆರಂಭಿಸಬೇಕಿತ್ತು. ಆರಂಭಿಸಿದ ಮೇಲೆ ಜೋಡಿಸಿದರೆ, ಒಳಗಿನ ಪ್ರೋಗ್ರಾಂ ಎದ್ದ ಕೂಡಲೇ ಡೇಟಾಬೇಸನ್ನು ಹುಡುಕಿ, ಅದು ಕಾಣದೆ ಸಾಯುವ ಸಾಧ್ಯತೆ ಇತ್ತು. ಎಲ್ಲ ಸೇವೆಗಳನ್ನೂ ಅವುಗಳ ನೆಟ್‌ವರ್ಕ್‌ಗಳನ್ನೂ ಒಟ್ಟಿಗೆ ವಿವರಿಸುವ ಕಂಪೋಸ್ ಕಡತದಲ್ಲಿ ಬರೆಯುವವರಿಗೆ ಈ ತೊಂದರೆ ಅಷ್ಟಾಗಿ ತಟ್ಟಲಿಲ್ಲ.

ನಿಜವಾದ ತೊಡಕು ಡಿಫಾಲ್ಟ್ ರೂಟ್‌ನಲ್ಲಿದೆ. ಒಂದು ಯಂತ್ರಕ್ಕೆ ಎಷ್ಟೇ ಇಂಟರ್‌ಫೇಸುಗಳಿದ್ದರೂ, ಗೊತ್ತಿಲ್ಲದ ವಿಳಾಸಕ್ಕೆ ಹೋಗುವ ಪ್ಯಾಕೆಟ್ಟುಗಳು ಸಾಮಾನ್ಯವಾಗಿ ಒಂದೇ ಬಾಗಿಲಿನಿಂದ ಹೊರಬೀಳುತ್ತವೆ. ಎರಡು ನೆಟ್‌ವರ್ಕ್‌ಗಳಿರುವ ಕಂಟೇನರಿನಲ್ಲಿ ಆ ಬಾಗಿಲು ಯಾವುದು? ಬಹುಕಾಲ ಇದಕ್ಕೆ ಡಾಕರ್ ಕೊಡುತ್ತಿದ್ದ ಉತ್ತರ ವಿಚಿತ್ರವಾದದ್ದು: ನೆಟ್‌ವರ್ಕ್‌ಗಳ ಹೆಸರುಗಳನ್ನು ಅಕ್ಷರ ಕ್ರಮದಲ್ಲಿ ಜೋಡಿಸಿ, ಮೊದಲು ಬಂದದ್ದನ್ನು ಆರಿಸಿಕೊಳ್ಳುವುದು. ನಮ್ಮ ಕಂಪೋಸ್ ಕಡತದಲ್ಲಿ ಬ್ರೌಸರಿನ ಕಡೆಯ ನೆಟ್‌ವರ್ಕಿಗೆ ‘ಮುಂದೆ’, ಡೇಟಾಬೇಸಿನ ಕಡೆಯದಕ್ಕೆ ‘ಹಿಂದೆ’ ಎಂದು ರೋಮನ್ ಅಕ್ಷರಗಳಲ್ಲಿ ಹೆಸರಿದೆ. ಎರಡೂ ಸಾಮಾನ್ಯ ಬ್ರಿಡ್ಜ್‌ಗಳಾಗಿದ್ದರೆ ಹೊರದಾರಿ ‘ಹಿಂದೆ’ಯ ಮೂಲಕವೇ ಹೋಗುತ್ತದೆ, ಏಕೆಂದರೆ ಇಂಗ್ಲಿಷಿನಲ್ಲಿ ‘ಎಚ್’ ಅಕ್ಷರ ‘ಎಂ’ಗಿಂತ ಮೊದಲು. ನಮ್ಮ ವರ್ಣಮಾಲೆಯ ಕ್ರಮವನ್ನು ನಂಬಿ, ‘ಮ’ಕಾರ ಮೊದಲು ‘ಹ’ಕಾರ ಆಮೇಲೆ ಎಂದುಕೊಂಡವನಿಗೆ ಇಲ್ಲಿ ನಿರಾಶೆ ಕಾದಿದೆ! ಇನ್ನೂ ಕೆಟ್ಟದ್ದೆಂದರೆ, ಓಡುತ್ತಿರುವ ಕಂಟೇನರಿಗೆ ಅಕ್ಷರ ಕ್ರಮದಲ್ಲಿ ಮೊದಲು ಬರುವ ಹೆಸರಿನ ನೆಟ್‌ವರ್ಕ್ ಒಂದನ್ನು ಸೇರಿಸಿದರೆ, ಯಾವ ಸೂಚನೆಯೂ ಇಲ್ಲದೆ ಡಿಫಾಲ್ಟ್ ರೂಟ್ ಅಲ್ಲಿಗೆ ಹೊರಳುತ್ತದೆ. 2025ರ ಫೆಬ್ರುವರಿಯಲ್ಲಿ ಬಂದ 28.0 ಆವೃತ್ತಿಯಲ್ಲಿ ಗೇಟ್‌ವೇ ಆದ್ಯತೆ ಎಂಬ ಆಯ್ಕೆಯನ್ನು ಕೊಟ್ಟಿದ್ದಾರೆ. ಯಾವ ಜೋಡಣೆಗೆ ಹೆಚ್ಚಿನ ಅಂಕಿ ಇದೆಯೋ ಅದೇ ಹೊರದಾರಿ. ಅಂಕಿಗಳು ಸಮವಾಗಿದ್ದರೆ ಮತ್ತೆ ಅಕ್ಷರ ಕ್ರಮವೇ. ಎರಡು ನೆಟ್‌ವರ್ಕ್‌ಗಳಿರುವ ಸೇವೆಗಳಿಗೆ ಈ ಅಂಕಿಯನ್ನು ಬರೆಯದೆ ಬಿಡುವುದಕ್ಕೆ ಈಗ ನನಗೆ ಕಾರಣ ತೋರುವುದಿಲ್ಲ.

ಈಥ್0 ಎಂಬ ಹೆಸರನ್ನು ನಂಬಿ ಸ್ಕ್ರಿಪ್ಟ್ ಬರೆಯುವುದೂ ಇಂಥದ್ದೇ ಅಪಾಯ. ಯಾವ ನೆಟ್‌ವರ್ಕಿಗೆ ಈಥ್0, ಯಾವುದಕ್ಕೆ ಈಥ್1 ಎಂಬುದು ಜೋಡಣೆಯ ಕ್ರಮವನ್ನು ಅವಲಂಬಿಸಿದೆ, ಆ ಕ್ರಮ ಪ್ರತಿ ಸಲವೂ ಒಂದೇ ಎಂಬ ಖಾತರಿ ಇಲ್ಲ. ಬೇಸಿಗೆಯಲ್ಲಿ ಕರೆಂಟ್ ಹೋಗಿ ಬಂದು ಯಂತ್ರ ಮತ್ತೆ ಎದ್ದಾಗ ಕಾಟಾದ ಪ್ರೋಗ್ರಾಂ ಮಾತ್ರ ಮುನಿಸಿಕೊಂಡಿತೆಂದರೆ ಇದನ್ನೂ ಸಂದೇಹಿಸಬಹುದು. ಡಾಕರ್ 28ರ ಸರಣಿಯಿಂದ ಇಂಟರ್‌ಫೇಸಿಗೆ ನಾವೇ ಹೆಸರಿಡಬಹುದು. ಅಗತ್ಯವಿದ್ದವರು ಹಾಗೆ ಮಾಡುವುದು ಮೇಲು.

ದಾರಿ ಯಾವುದೆಂದು ಕಂಟೇನರಿನ ಒಳಹೊಕ್ಕು ನೋಡುವುದೇ ಖಚಿತ ವಿಧಾನ. ಹಲವು ಇಮೇಜುಗಳಲ್ಲಿ (ಕಂಟೇನರನ್ನು ಸೃಷ್ಟಿಸುವ ಅಚ್ಚುಗಳಲ್ಲಿ) ‘ಐಪಿ’ ಎಂಬ ಆದೇಶವೇ ಇರುವುದಿಲ್ಲ. ಆಗ ಕರ್ನಲ್ ತೋರಿಸುವ ‘/ಪ್ರಾಕ್/ನೆಟ್/ರೂಟ್’ ಕಡತವನ್ನು ಓದಿದರೆ ಸಾಕು. ಅದರಲ್ಲಿ ಗುರಿ ಎಂಬ ಕಾಲಮ್ಮಿನಲ್ಲಿ ಎಂಟು ಸೊನ್ನೆಗಳಿರುವ ಸಾಲೇ ಡಿಫಾಲ್ಟ್ ರೂಟ್. ಅದರ ಪಕ್ಕದಲ್ಲಿ ಗೇಟ್‌ವೇ ‘010013ಎಸಿ’ ಎಂದು ಕಾಣುತ್ತದೆನ್ನಿ. ಹದಿನಾರರ ಮಾನದ ಆ ಸಂಖ್ಯೆಯನ್ನು ಎರಡೆರಡು ಅಂಕಿಗಳಾಗಿ ಒಡೆದು ಹಿಂದಿನಿಂದ ಮುಂದಕ್ಕೆ ಓದಬೇಕು: ‘ಎಸಿ’ ಎಂದರೆ 172, ‘13’ ಎಂದರೆ 19, ಆಮೇಲೆ 0, ಕೊನೆಗೆ 1. ಅಂದರೆ 172.19.0.1. ಈ ವಿಳಾಸ ಯಾವ ನೆಟ್‌ವರ್ಕಿನದು ಎಂದು ‘ಡಾಕರ್ ನೆಟ್‌ವರ್ಕ್ ಇನ್‌ಸ್ಪೆಕ್ಟ್’ ಹೇಳುತ್ತದೆ. ಊಹೆಯಲ್ಲಿ ಗಂಟೆಗಟ್ಟಲೆ ಚರ್ಚಿಸುವ ಬದಲು ಈ ಒಂದು ಸಾಲನ್ನು ಓದುವುದು ಲೇಸು.

ಕಾಟಾದ ವಿಷಯದಲ್ಲಿ ಇನ್ನೊಂದು ಬಗೆಯ ನೆಟ್‌ವರ್ಕ್ ಚರ್ಚೆಗೆ ಬರುತ್ತದೆ. ತೂಕದ ಇಂಡಿಕೇಟರಿನ ಸೀರಿಯಲ್ ಸಂಕೇತವನ್ನು ಈಥರ್‌ನೆಟ್‌ಗೆ ಬದಲಿಸುವ ಪೆಟ್ಟಿಗೆಯೊಂದು ಮಿಲ್ಲಿನ ಲ್ಯಾನ್‌ನಲ್ಲಿ, 192.168.1.0/24 ಸಬ್‌ನೆಟ್‌ನಲ್ಲಿ ಕುಳಿತಿರುತ್ತದೆ. ತೂಕ ಓದುವ ಕಂಟೇನರಿಗೆ ಅದೇ ಲ್ಯಾನ್‌ನಲ್ಲಿ ಒಂದು ಸ್ವಂತ ವಿಳಾಸ ಬೇಕೆಂದು ಹಲವರು ಮ್ಯಾಕ್‌ವಿಲ್ಯಾನ್ ನೆಟ್‌ವರ್ಕ್ ಸೃಷ್ಟಿಸಿ, ಕಂಟೇನರನ್ನು ಅದಕ್ಕೂ ಬ್ರಿಡ್ಜ್‌ಗೂ ಸೇರಿಸುತ್ತಾರೆ. ಬಹಳ ಸಲ ಇದರ ಅಗತ್ಯವೇ ಇಲ್ಲ. ಕಂಟೇನರ್ ತಾನಾಗಿ ಪೆಟ್ಟಿಗೆಗೆ ಕರೆ ಮಾಡುವುದಾದರೆ ಸಾಮಾನ್ಯ ಬ್ರಿಡ್ಜ್‌ನಿಂದಲೇ, ಹೋಸ್ಟ್‌ನ ವಿಳಾಸದ ಮರೆಯಲ್ಲಿ, ಆ ಕರೆ ತಲುಪುತ್ತದೆ. ಪೆಟ್ಟಿಗೆಯೇ ಕರೆ ಮಾಡುವುದಾದರೆ ಒಂದು ಪೋರ್ಟನ್ನು ಹೊರಕ್ಕೆ ತೆರೆದರೆ ಸಾಕು. ಬ್ರಾಡ್‌ಕಾಸ್ಟ್ ಮಾಡಿ ಒಬ್ಬರನ್ನೊಬ್ಬರು ಹುಡುಕಿಕೊಳ್ಳುವ ಸಾಧನಗಳಿದ್ದಾಗ ಮಾತ್ರ ಮ್ಯಾಕ್‌ವಿಲ್ಯಾನ್‌ಗೆ ಅರ್ಥವಿದೆ. ಅದರಲ್ಲಿ ಹೋಸ್ಟ್ ಯಂತ್ರ ಮತ್ತು ಕಂಟೇನರ್ ಪರಸ್ಪರ ನೇರವಾಗಿ ಮಾತಾಡಲಾರವು ಎಂಬುದನ್ನೂ, ವೈಫೈ ಮೇಲೆ ಅದು ಸಾಮಾನ್ಯವಾಗಿ ನಡೆಯುವುದಿಲ್ಲ ಎಂಬುದನ್ನೂ ಮೊದಲೇ ತಿಳಿದಿರಬೇಕು.

ಮ್ಯಾಕ್‌ವಿಲ್ಯಾನ್ ಮತ್ತು ಬ್ರಿಡ್ಜ್ ಎರಡರಲ್ಲೂ ಇರುವ ಕಂಟೇನರಿನಲ್ಲಿ ಒಂದು ಕಪಟ ದೋಷ ಹುಟ್ಟಿಕೊಳ್ಳುತ್ತದೆ. ಮಿಲ್ಲಿನ ಗೋದಾಮು ಬೇರೆ ಸಬ್‌ನೆಟ್‌ನಲ್ಲಿದೆ, 192.168.5.0/24 ಎಂದಿಟ್ಟುಕೊಳ್ಳಿ. ಅಲ್ಲಿನ ಕಂಪ್ಯೂಟರ್ ಕಂಟೇನರಿನ 192.168.1ರ ವಿಳಾಸಕ್ಕೆ ಕರೆ ಮಾಡುತ್ತದೆ. ಕರೆ ಮ್ಯಾಕ್‌ವಿಲ್ಯಾನ್ ಬಾಗಿಲಿನಿಂದ ಒಳಬರುತ್ತದೆ. ಉತ್ತರ ಕೊಡುವಾಗ ಕಂಟೇನರ್ ತನ್ನ ರೂಟಿಂಗ್ ಪಟ್ಟಿಯನ್ನು ನೋಡುತ್ತದೆ, 192.168.5 ತನಗೆ ಗೊತ್ತಿಲ್ಲದ ವಿಳಾಸವಾದ್ದರಿಂದ ಡಿಫಾಲ್ಟ್ ರೂಟ್ ಹಿಡಿದು ಬ್ರಿಡ್ಜ್‌ನ ಬಾಗಿಲಿನಿಂದ ಕಳಿಸುತ್ತದೆ. ಆ ಸಂವಾದದ ಮೊದಲ ಪ್ಯಾಕೆಟ್ಟನ್ನು ಸಂವಾದಗಳ ಜಾಡು ಇಟ್ಟುಕೊಳ್ಳುವ ಹೋಸ್ಟ್‌ನ ಕನೆಕ್ಷನ್ ಟ್ರ್ಯಾಕಿಂಗ್ ಕಂಡೇ ಇರುವುದಿಲ್ಲವಾಗಿ ಉತ್ತರ ಸಾಮಾನ್ಯವಾಗಿ ದಾರಿಯಲ್ಲೇ ಬಿದ್ದುಹೋಗುತ್ತದೆ. ಪ್ಯಾಕೆಟ್ ಬಂದ ಬಾಗಿಲನ್ನು ಪರೀಕ್ಷಿಸುವ ಆರ್‌ಪಿ ಫಿಲ್ಟರ್ ಕಟ್ಟುನಿಟ್ಟಾಗಿದ್ದರೆ ಕರೆಯನ್ನೇ ಕರ್ನಲ್ ತಿರಸ್ಕರಿಸುತ್ತದೆ, ಏಕೆಂದರೆ ಬಂದ ಬಾಗಿಲೂ ಮರಳುವ ಬಾಗಿಲೂ ಬೇರೆ ಬೇರೆ. ಹೀಗಾಗಿ ಕಾಟಾದ ಪಕ್ಕದ ಕಂಪ್ಯೂಟರಿನಲ್ಲಿ ಎಲ್ಲವೂ ಸರಿ, ಗೋದಾಮಿನಲ್ಲಿ ಏನೂ ಇಲ್ಲ ಎಂಬ ದೂರು ಬರುತ್ತದೆ. ಸ್ವಿಚ್ಚನ್ನೂ ಕೇಬಲನ್ನೂ ಬದಲಿಸಿದರೂ ದೂರು ನಿಲ್ಲುವುದಿಲ್ಲ. ಮ್ಯಾಕ್‌ವಿಲ್ಯಾನ್ ಜೋಡಣೆಗೆ ಗೇಟ್‌ವೇ ಆದ್ಯತೆ ಕೊಡುವುದು, ಇಲ್ಲವೇ ಆ ಸಬ್‌ನೆಟ್‌ಗೆಂದೇ ಒಂದು ರೂಟನ್ನು ಬರೆಯುವುದು ಇದರ ಪರಿಹಾರ. ರೂಟ್ ಬರೆಯಲು ಕಂಟೇನರಿಗೆ ನೆಟ್‌ವರ್ಕ್ ಆಡಳಿತದ ಹೆಚ್ಚುವರಿ ಅಧಿಕಾರ ಕೊಡಬೇಕಾದ್ದರಿಂದ ನನಗೆ ಮೊದಲಿನದೇ ಮೆಚ್ಚು.

ಹೆಸರುಗಳ ಗೊಂದಲ ಇಷ್ಟು ಗಾಢವಲ್ಲ. ನಾವೇ ಸೃಷ್ಟಿಸಿದ ನೆಟ್‌ವರ್ಕ್‌ಗಳಲ್ಲಿ ಕಂಟೇನರಿನೊಳಗೆ 127.0.0.11 ಎಂಬ ವಿಳಾಸದಲ್ಲಿ ಡಾಕರ್‌ನ ಡಿಎನ್‌ಎಸ್ (ಹೆಸರಿಗೆ ವಿಳಾಸ ಹೇಳುವ ಸೇವೆ) ಕೆಲಸ ಮಾಡುತ್ತದೆ. ಕಂಟೇನರ್ ಸೇರಿರುವ ಎಲ್ಲ ನೆಟ್‌ವರ್ಕ್‌ಗಳ ಹೆಸರುಗಳೂ ಅದಕ್ಕೆ ಗೊತ್ತು. ಎರಡು ಬೇರೆ ಬೇರೆ ಯೋಜನೆಗಳ ನೆಟ್‌ವರ್ಕ್‌ಗಳಿಗೆ ಒಂದೇ ಪ್ರಾಕ್ಸಿಯನ್ನು (ಬಂದ ಕೋರಿಕೆಗಳನ್ನು ಸೇವೆಗಳಿಗೆ ಸಾಗಿಸುವ ಎಂಜಿನ್‌ಎಕ್ಸ್‌ನಂಥದ್ದನ್ನು) ಸೇರಿಸಿ, ಎರಡರಲ್ಲೂ ‘ಡಿಬಿ’ ಅಥವಾ ‘ಆ್ಯಪ್’ ಎಂಬ ಹೆಸರಿದ್ದರೆ ಯಾವ ವಿಳಾಸ ಸಿಗುತ್ತದೆ ಎಂಬುದನ್ನು ನೆಚ್ಚುವಂತಿಲ್ಲ. ಹೆಸರಿನ ಮುಂದೆ ಚುಕ್ಕೆಯಿಟ್ಟು ನೆಟ್‌ವರ್ಕಿನ ಹೆಸರನ್ನೂ ಸೇರಿಸಿ ಕೇಳಿದರೆ ಗೊಂದಲ ತಪ್ಪುತ್ತದೆ. ‘ಟ್ರಾಫಿಕ್’ (Traefik) ಎಂಬ ಹೆಸರಿನ ಪ್ರಾಕ್ಸಿ ಬಳಸುವವರು ಇದರ ಮಗ್ಗುಲನ್ನು ಕಂಡಿರುತ್ತಾರೆ: ಸೇವೆ ಎರಡು ನೆಟ್‌ವರ್ಕ್‌ಗಳಲ್ಲಿದ್ದಾಗ ಪ್ರಾಕ್ಸಿಗೆ ತಲುಪಲಾಗದ ವಿಳಾಸವೇ ಆಯ್ಕೆಯಾಗಿ ಗೇಟ್‌ವೇ ಟೈಮ್‌ಔಟ್ ಬರುತ್ತದೆ, ಯಾವ ನೆಟ್‌ವರ್ಕಿನ ವಿಳಾಸ ಬೇಕೆಂದು ಲೇಬಲ್ ಮೂಲಕ ತಿಳಿಸಬೇಕಾಗುತ್ತದೆ.

ಕಡಿಮೆ ಜನ ಗಮನಿಸುವ ವಿಷಯವೆಂದರೆ ಕಿವಿಗೊಡುವುದು. ಪ್ರೋಗ್ರಾಂ 0.0.0.0 ವಿಳಾಸದಲ್ಲಿ ಆಲಿಸುತ್ತದೆ ಎಂದರೆ ತನ್ನ ಎಲ್ಲ ಇಂಟರ್‌ಫೇಸುಗಳಲ್ಲೂ ಆಲಿಸುತ್ತದೆ ಎಂದರ್ಥ. ಕಂಟೇನರ್ ಒಂದೇ ನೆಟ್‌ವರ್ಕಿನಲ್ಲಿದ್ದಾಗ ಇದರಿಂದ ಹಾನಿಯಿಲ್ಲ, ಹಾಗಾಗಿ ಎಲ್ಲ ಉದಾಹರಣೆಗಳಲ್ಲೂ ಹೀಗೆಯೇ ಬರೆದಿರುತ್ತಾರೆ. ಎರಡನೆಯ ನೆಟ್‌ವರ್ಕ್ ಸೇರಿದ ಕೂಡಲೇ, ಒಳಗಿನ ನಿರ್ವಹಣೆಗೆಂದು ಇಟ್ಟ ಪೋರ್ಟ್, ಅಂಕಿಅಂಶ ತೋರಿಸುವ ಪುಟ, ಡೀಬಗ್ ಬಾಗಿಲು, ಎಲ್ಲವೂ ಹೊಸ ನೆರೆಹೊರೆಯವರಿಗೂ ತೆರೆದುಕೊಳ್ಳುತ್ತವೆ. ಹೋಸ್ಟ್‌ನ ಹೊರಗೆ ಆ ಪೋರ್ಟನ್ನು ಪ್ರಕಟಿಸಿಲ್ಲ, ಆದ್ದರಿಂದ ಕ್ಷೇಮ ಎಂಬ ವಾದವನ್ನು ನಾನು ಕೇಳಿದ್ದೇನೆ. ಪ್ರಕಟಣೆಗೂ ಇದಕ್ಕೂ ಸಂಬಂಧವಿಲ್ಲ. ಒಂದೇ ಬ್ರಿಡ್ಜ್‌ನಲ್ಲಿರುವ ಕಂಟೇನರುಗಳಿಗೆ ಪರಸ್ಪರರ ಪೋರ್ಟುಗಳು ಪ್ರಕಟಣೆಯಿಲ್ಲದೆಯೇ ಸಿಗುತ್ತವೆ. ಆದ್ದರಿಂದ ಎರಡು ಕಡೆ ನಿಲ್ಲುವ ಕಂಟೇನರಿನ ನಿರ್ವಹಣೆಯ ಪೋರ್ಟನ್ನು 127.0.0.1ಕ್ಕೆ ಕಟ್ಟಿಹಾಕುವುದು, ಇಲ್ಲವೇ ಅದಕ್ಕೆ ಗುಪ್ತಪದ ಇಡುವುದು ಅನಿವಾರ್ಯ.

ಡೇಟಾಬೇಸಿನ ನೆಟ್‌ವರ್ಕನ್ನು ‘ಇಂಟರ್ನಲ್’ ಎಂದು ಘೋಷಿಸುವುದು ನಾನು ತಪ್ಪದೆ ಪಾಲಿಸುವ ಪದ್ಧತಿ. ಹಾಗೆ ಮಾಡಿದ ನೆಟ್‌ವರ್ಕಿನಿಂದ ಹೊರಜಗತ್ತಿಗೆ ಡಿಫಾಲ್ಟ್ ರೂಟ್ ಇರುವುದಿಲ್ಲ. ಪೋಸ್ಟ್‌ಗ್ರೆಸ್ ತಾನಾಗಿ ಇಂಟರ್ನೆಟ್ಟನ್ನು ಮುಟ್ಟಲಾರದು. ಆ್ಯಪ್ ‘ಮುಂದೆ’ಯಲ್ಲೂ ‘ಹಿಂದೆ’ಯಲ್ಲೂ ಇರುವುದರಿಂದ ಅದರ ಹೊರದಾರಿ ಸಹಜವಾಗಿಯೇ ‘ಮುಂದೆ’ಯ ಮೂಲಕ ಹೋಗುತ್ತದೆ, ಅಕ್ಷರ ಕ್ರಮದ ಜಂಜಾಟವೂ ತಪ್ಪುತ್ತದೆ.

ಕಂಪೋಸ್ ಬಳಸುವವರಿಗೆ ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ಸೇವೆಯೊಂದಕ್ಕೆ ನೆಟ್‌ವರ್ಕ್‌ಗಳ ಪಟ್ಟಿಯನ್ನು ಬರೆದ ಕೂಡಲೇ ಅದು ಯೋಜನೆಯ ಡಿಫಾಲ್ಟ್ ನೆಟ್‌ವರ್ಕಿನಿಂದ ಹೊರಬೀಳುತ್ತದೆ. ಅದೂ ಬೇಕಿದ್ದರೆ ಪಟ್ಟಿಯಲ್ಲಿ ಅದನ್ನೂ ಹೆಸರಿಸಬೇಕು. ಇದಕ್ಕಿಂತ ನವಿರಾದದ್ದು ಇನ್ನೊಂದು. ಕೈಯಿಂದ ಜೋಡಿಸಿದ ನೆಟ್‌ವರ್ಕ್ ಆ ಕಂಟೇನರಿನ ಆಯುಷ್ಯ ಇರುವವರೆಗೆ ಮಾತ್ರ ಬಾಳುತ್ತದೆ. ಮರುಆರಂಭದಲ್ಲಿ ಅದು ಉಳಿಯುತ್ತದೆ, ಹೊಸ ಇಮೇಜಿನಿಂದ ಕಂಟೇನರನ್ನು ಮರುಸೃಷ್ಟಿಸಿದಾಗ ಅಳಿಯುತ್ತದೆ. ತೊಗರಿಯ ಹಂಗಾಮಿನಲ್ಲಿ ಯಾರೋ ತುರ್ತಿಗೆಂದು ಜೋಡಿಸಿದ ನೆಟ್‌ವರ್ಕ್ ತಿಂಗಳುಗಟ್ಟಲೆ ಕೆಲಸ ಮಾಡಿ, ಕಡತದಲ್ಲಿ ಎಲ್ಲೂ ದಾಖಲಾಗದೆ, ಮುಂದಿನ ಅಪ್‌ಡೇಟಿನ ದಿನ ಮಾಯವಾಗುತ್ತದೆ. ಕೈಜೋಡಣೆಯನ್ನು ಪರೀಕ್ಷೆಗೆ ಮಾತ್ರ ಇಟ್ಟುಕೊಂಡು, ಉಳಿಯಬೇಕಾದದ್ದನ್ನು ಅಂದೇ ಕಡತದಲ್ಲಿ ಬರೆಯಬೇಕು.

ನೆಟ್‌ವರ್ಕ್‌ಗಳು ಹೆಚ್ಚಿದಂತೆ ವಿಳಾಸಗಳ ಘರ್ಷಣೆಯೂ ಹೆಚ್ಚುತ್ತದೆ. ಡಾಕರ್ ತನ್ನ ಮೂಲ ಬ್ರಿಡ್ಜ್‌ಗೆ ಸಾಮಾನ್ಯವಾಗಿ 172.17.0.0/16 ಇಟ್ಟುಕೊಂಡು, ನಾವು ಸೃಷ್ಟಿಸುವ ಪ್ರತಿಯೊಂದಕ್ಕೂ 172.18, 172.19 ಎಂದು ಮುಂದುವರಿಯುತ್ತದೆ. ಬೀದರಿನ ಒಂದು ಕಾಲೇಜಿನ ಆವರಣದಲ್ಲಿ ಒಳಗಿನ ಸರ್ವರುಗಳಿಗೆ 172.18ರ ವಿಳಾಸಗಳನ್ನೇ ಕೊಟ್ಟಿದ್ದರು. ಪ್ರಯೋಗಾಲಯದ ಯಂತ್ರದಲ್ಲಿ ವಿದ್ಯಾರ್ಥಿಗಳು ಕಂಪೋಸ್ ಓಡಿಸಿದ ಕೂಡಲೇ ಆ ಯಂತ್ರಕ್ಕೆ ಸರ್ವರುಗಳು ಕಾಣದಾದವು, ಏಕೆಂದರೆ ಆ ವಿಳಾಸಗಳು ಈಗ ತನ್ನೊಳಗಿನ ಬ್ರಿಡ್ಜ್‌ನಲ್ಲೇ ಇವೆ ಎಂದು ಯಂತ್ರ ನಂಬಿತ್ತು. ಡಾಕರ್‌ನ ಡೀಮನ್‌ನ (ಹಿನ್ನೆಲೆಯಲ್ಲಿ ಓಡುವ ಸೇವೆಯ) ಸಂರಚನಾ ಕಡತದಲ್ಲಿ ವಿಳಾಸಗಳ ಭಂಡಾರವನ್ನು ನಾವೇ ನಿಗದಿಪಡಿಸಬಹುದು. ಪ್ರತಿ ನೆಟ್‌ವರ್ಕಿಗೂ ಅರವತ್ತೈದು ಸಾವಿರಕ್ಕೂ ಹೆಚ್ಚು ವಿಳಾಸಗಳ /16ರಷ್ಟು ದೊಡ್ಡ ಹೊಲ ಬೇಕಿಲ್ಲ, 256 ವಿಳಾಸಗಳ /24 ಧಾರಾಳವಾಗಿ ಸಾಕು. ಅನೇಕ ಯಂತ್ರಗಳಲ್ಲಿ ಕಂಟೇನರುಗಳನ್ನು ನಡೆಸುವ ಕುಬರ್ನೆಟಿಸ್‌ನಲ್ಲಿ ಪಾಡ್ (ಒಟ್ಟಿಗೆ ಓಡುವ ಕಂಟೇನರುಗಳ ಗುಂಪು) ಒಂದಕ್ಕೆ ಸಹಜವಾಗಿ ಒಂದೇ ನೆಟ್‌ವರ್ಕ್ ಇರುತ್ತದೆ, ಎರಡನೆಯದು ಬೇಕಾದವರು ಮಲ್ಟಸ್‌ನಂಥ ಪ್ಲಗಿನ್ ಬಳಸುತ್ತಾರೆ. ಮಿಲ್ಲಿನ ಒಂದು ಯಂತ್ರಕ್ಕೆ ಅಷ್ಟು ಸಂಭ್ರಮ ಬೇಕಿಲ್ಲ.

ನಮ್ಮ ಕಡತದಲ್ಲಿ ಈಗ ಎರಡು ನೆಟ್‌ವರ್ಕ್‌ಗಳಲ್ಲಿ ನಿಲ್ಲುವ ಸೇವೆಗಳು ಆ್ಯಪ್ ಮತ್ತು ಬ್ಯಾಕಪ್ ಮಾತ್ರ. ಬ್ಯಾಕಪ್‌ಗೆ ಡೇಟಾಬೇಸೂ ಬೇಕು, ಹೊರಗಿನ ಸಂಗ್ರಹವೂ ಬೇಕು. ಅದಕ್ಕಾಗಿ ‘ಹಿಂದೆ’ಯ ಜೊತೆಗೆ, ಬೇರೆ ಯಾರೂ ಇಲ್ಲದ ಒಂದು ಹೊರದಾರಿಯ ನೆಟ್‌ವರ್ಕನ್ನು ಅದಕ್ಕೊಂದಕ್ಕೇ ಕೊಟ್ಟಿದ್ದೇವೆ, ಮತ್ತು ಅದು ಯಾವ ಪೋರ್ಟಿನಲ್ಲೂ ಆಲಿಸುವುದಿಲ್ಲ. ಕಾಟಾದ ಪ್ರೋಗ್ರಾಂ ‘ಮುಂದೆ’ಯಲ್ಲಷ್ಟೇ ಇದ್ದು, ಓದಿದ ತೂಕವನ್ನು ಆ್ಯಪ್‌ಗೆ ಒಪ್ಪಿಸುತ್ತದೆ. ಇತ್ತೀಚೆಗೆ ಮಿಲ್ಲಿನ ಮಾಲೀಕರು ಯಾದಗಿರಿಯ ತಮ್ಮ ಅಂಗಡಿಯಿಂದ ದಿನದ ಖರೀದಿಯನ್ನು ನೋಡಬೇಕೆಂದರು. ವಿಪಿಎನ್ ಒಂದನ್ನು ಕಂಟೇನರಾಗಿ ತಂದು ‘ಹಿಂದೆ’ಗೆ ಸೇರಿಸಿದರೆ ಅವರ ಲೆಕ್ಕಿಗರು ಡೇಟಾಬೇಸಿನಿಂದಲೇ ವರದಿ ತೆಗೆಯಬಹುದು ಎಂಬ ಸಲಹೆ ಬಂತು. ನಾವು ವಿಪಿಎನ್ನನ್ನು ಹೋಸ್ಟ್‌ನಲ್ಲೇ ಕೊನೆಗೊಳಿಸಿ, ಅಲ್ಲಿಂದ ಎಂಜಿನ್‌ಎಕ್ಸ್‌ನ 443 ಪೋರ್ಟಿಗೆ ಮಾತ್ರ ದಾರಿ ಬಿಟ್ಟೆವು. ಲೆಕ್ಕಿಗರಿಗೆ ಬೇಕಾದ ವರದಿಯ ಪುಟವನ್ನು ಆ್ಯಪ್‌ನಲ್ಲೇ ಬರೆಯುತ್ತಿದ್ದೇವೆ. ಕೆಲಸ ಸ್ವಲ್ಪ ಹೆಚ್ಚು, ಹಂಗಾಮು ಶುರುವಾಗುವ ಮೊದಲು ಮುಗಿಯಬೇಕು.